ಗುಂಡಿಗೆ ಬಿದ್ದರೆ ಅದು ‘ಸೆಲ್ಫ್ ಫಾಲ್’ ಅಲ್ಲ

ಬೈಕ್‌ನಿಂದ ಬಿದ್ದು ಆಸ್ಪತ್ರೆಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, ‘ಯಾವ ಗಾಡಿ ಗುದ್ದಿತು?’ ಯಾವುದೂ ಗುದ್ದಿಲ್ಲ, ರಸ್ತೆಗುಂಡಿಗೆ ಬಿದ್ದೆ ಎಂದರೆ ಚೀಟಿಯ ಮೇಲೆ ಎರಡೇ ಪದ ಬೀಳುತ್ತವೆ: ‘ಸೆಲ್ಫ್ ಫಾಲ್’. ಅಂದರೆ ತಾನಾಗಿಯೇ ಬಿದ್ದದ್ದು. ಮುಂದೆ ಪೊಲೀಸರು, ವಿಮೆಯವರು, ಕೊನೆಗೆ ಮನೆಯವರೂ ಅದನ್ನೇ ಓದುತ್ತಾರೆ. ರಸ್ತೆ ಅಗೆದವರು, ಮುಚ್ಚದೆ ಬಿಟ್ಟವರು, ನೋಡದೆ ಬಿಲ್ ಪಾಸ್ ಮಾಡಿದವರು ಆ ಎರಡು ಪದಗಳ ಹಿಂದೆ ಮರೆಯಾಗಿಬಿಡುತ್ತಾರೆ.

ಕಳೆದ ಮಳೆಗಾಲದಿಂದ ನಾನು ಈ ಎರಡು ಪದಗಳ ಜೊತೆ ಗುದ್ದಾಡುತ್ತಿದ್ದೇನೆ. ಪದವಿ ಮುಗಿಸಿ, ಒಂದು ಕಚೇರಿಯ ಕಂಪ್ಯೂಟರ್ ಆಪರೇಟರ್ ಕೆಲಸದ ಸಂದರ್ಶನ ದಾಟಿದ್ದೆ. ಸೋಮವಾರ ಟೈಪಿಂಗ್ ಪರೀಕ್ಷೆಯೊಂದೇ ಬಾಕಿ ಇತ್ತು. ಗುರುವಾರ ಸಂಜೆ ಮನೆಗೆ ಬರುವ ದಾರಿಯಲ್ಲಿ, ಪೈಪ್ ಹಾಕಲು ರಸ್ತೆಗೆ ಅಡ್ಡಲಾಗಿ ತೋಡಿ ಮಣ್ಣು ತುಂಬಿ ಬಿಟ್ಟಿದ್ದ ಜಾಗ ಮಳೆಗೆ ಕುಸಿದಿತ್ತು. ಬ್ಯಾರಿಕೇಡ್ ಇಲ್ಲ, ಕೆಂಪು ಪಟ್ಟಿ ಇಲ್ಲ, ಬೀದಿದೀಪವೂ ಇಲ್ಲ. ಮೇಲೆ ನೀರು ನಿಂತು ರಸ್ತೆಯಂತೆಯೇ ಕಾಣುತ್ತಿತ್ತು. ಮುಂದಿನ ಚಕ್ರ ಇಳಿಯಿತು, ನಾನು ಹಾರಿದೆ. ಹೆಲ್ಮೆಟ್ ತಲೆ ಉಳಿಸಿತು. ಬಲಗೈ ಮಣಿಕಟ್ಟು ಮುರಿಯಿತು, ಪ್ಲೇಟ್ ಹಾಕಬೇಕಾಯಿತು. ಟೈಪಿಂಗ್ ಪರೀಕ್ಷೆ ಇರಲಿ, ಎರಡು ತಿಂಗಳು ಊಟ ಕಲಸಲೂ ಆಗಲಿಲ್ಲ. ಆ ಕೆಲಸ ಇನ್ನೊಬ್ಬರ ಪಾಲಾಯಿತು.

‘ಯಾವುದಾದರೂ ಗಾಡಿ ನಂಬರ್ ಕೊಡಿ’

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಒಬ್ಬರು ಬಂದು ಅಪ್ಪನ ಕಿವಿಯಲ್ಲಿ ಹೇಳಿದರು: ‘ಗುಂಡಿ ಅಂದ್ರೆ ಒಂದು ಪೈಸಾನೂ ಬರಲ್ಲ ಸ್ವಾಮಿ. ನಿಮ್ಮ ಪರಿಚಯದವರ ಯಾವುದಾದ್ರೂ ಗಾಡಿ ನಂಬರ್ ಕೊಡಿ, ಅದು ಗುದ್ದಿತು ಅಂತ ಬರೆಸೋಣ. ಮಿಕ್ಕಿದ್ದು ನಾನು ನೋಡ್ಕೋತೀನಿ.’ ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ಕೌಂಟರ್‌ನಲ್ಲಿ ಕಟ್ಟಬೇಕಾದ ಮುಂಗಡ ಅವರ ಎರಡು ತಿಂಗಳ ಸಂಬಳದಷ್ಟಿತ್ತು.

ಅಕ್ಕ ಬೇಡ ಎಂದಳು. ಇಲ್ಲದ ಗಾಡಿಯನ್ನು ತಂದು ವಿಮೆ ಕೇಳುವುದು ವಂಚನೆ. ಸಿಕ್ಕಿಬಿದ್ದರೆ ಗಾಯಾಳುವೇ ಆರೋಪಿ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹೆಸರಿನ ಮೇಲೊಂದು ಕ್ರಿಮಿನಲ್ ಪ್ರಕರಣ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಸುಳ್ಳು ಗಾಡಿ ಬಂದ ಕ್ಷಣವೇ ಗುಂಡಿ ಕಾಗದದಿಂದ ಮಾಯವಾಗುತ್ತದೆ. ಮರುದಿನ ಅಲ್ಲಿ ಇನ್ನೊಬ್ಬ ಬೀಳುತ್ತಾನೆ.

ಅಕ್ಕ ಮಾಡಿದ್ದು ಇಷ್ಟೇ. ವೈದ್ಯರ ಬಳಿ ನಿಂತು, ‘ರಸ್ತೆ ಅಗೆದು ಮುಚ್ಚದ ಜಾಗದಲ್ಲಿ ಬೈಕ್ ಬಿದ್ದು ಗಾಯ’ ಎಂದು ಜಾಗದ ಹೆಸರು, ಸಮಯದ ಸಮೇತ ಎಂಎಲ್‌ಸಿಯಲ್ಲಿ ಬರೆಸಿದಳು. ನನ್ನ ಗೆಳೆಯ ಅದೇ ರಾತ್ರಿ ಜಾಗಕ್ಕೆ ಹೋಗಿ ಫೋಟೊ, ವಿಡಿಯೊ ತೆಗೆದ. ಅಳತೆಗೆಂದು ಗುಂಡಿಯ ಪಕ್ಕ ನೀರಿನ ಬಾಟಲಿ ಇಟ್ಟ. ಹಿಂದೆ ಕಾಣುವ ಅಂಗಡಿ ಬೋರ್ಡ್ ಫೋಟೊದಲ್ಲಿ ಬರುವಂತೆ ನೋಡಿಕೊಂಡ. ಮೂರನೇ ದಿನ ಅಲ್ಲಿಗೆ ಜಲ್ಲಿ ಬಿದ್ದಿತ್ತು. ಆ ಫೋಟೊಗಳಿಲ್ಲದಿದ್ದರೆ ಇವತ್ತು ನನ್ನ ಕೈಯಲ್ಲಿ ಹೊಲಿಗೆ ಗುರುತು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಕೋರ್ಟ್ ಏನು ಹೇಳಿದೆ?

ರಸ್ತೆಗುಂಡಿ ಸಣ್ಣ ವಿಷಯವಲ್ಲ. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 14,926 ಮಂದಿ. 2018ರಲ್ಲಿ ಈ ಅಂಕಿ ಮುಂದೆ ಬಂದಾಗ ಸುಪ್ರೀಂ ಕೋರ್ಟ್, ಗಡಿಯಲ್ಲಿ ಅಥವಾ ಭಯೋತ್ಪಾದಕರಿಂದ ಸಾಯುವವರಿಗಿಂತ ಗುಂಡಿಯಿಂದ ಸಾಯುವವರೇ ಹೆಚ್ಚಿರಬಹುದು ಎಂದು ಕಳವಳಪಟ್ಟಿತ್ತು.

ನಮ್ಮ ರಾಜ್ಯಕ್ಕೆ ಮುಖ್ಯವಾದದ್ದು 2019ರ ಜುಲೈ 31ರ ಹೈಕೋರ್ಟ್ ಆದೇಶ. ಬೆಂಗಳೂರಿನ ಗುಂಡಿಗಳ ಬಗ್ಗೆ 2015ರಲ್ಲಿ ಸಲ್ಲಿಕೆಯಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ, ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರಿದ್ದ ಪೀಠ, ಸುಸ್ಥಿತಿಯ ರಸ್ತೆ ಮತ್ತು ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ರಸ್ತೆಯ ದುಃಸ್ಥಿತಿಯಿಂದ ಸಾವು, ಗಾಯ, ನಷ್ಟವಾದರೆ ನಾಗರಿಕರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದೂ, ಆ ಹಕ್ಕಿನ ಬಗ್ಗೆ ಬಿಬಿಎಂಪಿಯೇ ಪ್ರಚಾರ ಮಾಡಬೇಕೆಂದೂ ಹೇಳಿತು. ಆದೇಶ ಬೆಂಗಳೂರಿನದಾದರೂ 21ನೇ ವಿಧಿ ಬೆಂಗಳೂರಿಗಷ್ಟೇ ಸೀಮಿತವಲ್ಲವಲ್ಲ!

ಮಹಾರಾಷ್ಟ್ರ ಇನ್ನೂ ಒಂದು ಹೆಜ್ಜೆ ಮುಂದಿದೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸತ್ತರೆ 6 ಲಕ್ಷ ರೂಪಾಯಿ, ಗಾಯವಾದರೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಅದನ್ನು ತೀರ್ಮಾನಿಸಲು ಸಮಿತಿ ಇರಬೇಕು, ಹಣವನ್ನು ಹೊಣೆಗಾರ ಅಧಿಕಾರಿ ಅಥವಾ ಗುತ್ತಿಗೆದಾರರಿಂದ ವಸೂಲಿ ಮಾಡಬೇಕು ಎಂದಿದೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರದ ಮೇಲೆ 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಒಂದು ಮಾತು ಗಮನಿಸಿ: ಆ ದಂಡ ಹೋಗುವುದು ಸರ್ಕಾರದ ನಿಧಿಗೆ, ಬಿದ್ದವರ ಕೈಗಲ್ಲ. ನಮ್ಮ ಪರಿಹಾರವನ್ನು ನಾವು ಬೇರೆಯಾಗಿಯೇ ಕೇಳಬೇಕು.

ಯಾವ ಬಾಗಿಲು ತಟ್ಟಬೇಕು?

ಮೊದಲನೆಯದು ನಮ್ಮದೇ ವಿಮೆ. ಥರ್ಡ್ ಪಾರ್ಟಿ ವಿಮೆ ಇದ್ದರೆ ಸಾಕು ಎಂದುಕೊಂಡವರೇ ಹೆಚ್ಚು. ಹೆಸರೇ ಹೇಳುವಂತೆ ಅದು ಮೂರನೆಯವರಿಗೆ. ಓಡಿಸುತ್ತಿದ್ದ ಮಾಲೀಕನಿಗೆ ಇರುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಅದೂ ಚಾಲನಾ ಪರವಾನಗಿ ಇದ್ದರೆ. ನನ್ನಂತೆ ಮೂಳೆ ಮುರಿದು ಕೂಡಿಕೊಂಡವರಿಗೆ ಅದರಿಂದ ಆಸ್ಪತ್ರೆ ಖರ್ಚು ಬಾರದು.

ಎರಡನೆಯದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಗುಂಡಿ ತಪ್ಪಿಸಲು ಹೋದಾಗ ನಿಜವಾಗಿಯೂ ಇನ್ನೊಂದು ವಾಹನ ಗುದ್ದಿದ್ದರೆ ಈ ದಾರಿ ಇದೆ. 6 ತಿಂಗಳೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ ಕಾಯ್ದೆ. ಸೈಕಲ್‌ನಲ್ಲಿ ಒಬ್ಬರೇ ಗುಂಡಿಗೆ ಬಿದ್ದರೆ ಈ ಎರಡೂ ಬಾಗಿಲುಗಳು ಇಲ್ಲ. ಸೈಕಲ್ ತುಳಿಯುವ ವಿದ್ಯಾರ್ಥಿಗೆ ಉಳಿಯುವುದು ಮೂರನೆಯ ದಾರಿ ಮಾತ್ರ.

ಅದು ರಸ್ತೆಯ ಒಡೆಯರನ್ನೇ ಕೇಳುವುದು. ಮೊದಲು ರಸ್ತೆ ಯಾರದ್ದೆಂದು ತಿಳಿಯಬೇಕು: ನಗರಸಭೆಯೋ, ಲೋಕೋಪಯೋಗಿ ಇಲಾಖೆಯೋ, ಹೆದ್ದಾರಿ ಪ್ರಾಧಿಕಾರವೋ, ಗ್ರಾಮ ಪಂಚಾಯಿತಿಯೋ. ಅಗೆದವರು ಬೇರೆ ಇಲಾಖೆಯವರಾದರೆ ಅವರನ್ನೂ ಸೇರಿಸಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಿವೆ. ಬಿದ್ದ ಜಾಗ ಯಾವುದಕ್ಕೆ ಸೇರುತ್ತದೆ ಎಂದು ನೋಡಿ ಅರ್ಜಿ ಕೊಡಬೇಕು. ಲಿಖಿತ ಅರ್ಜಿಗೆ ಮೊಹರು, ದಿನಾಂಕ ಇರುವ ಸ್ವೀಕೃತಿ ಪಡೆಯಲೇಬೇಕು. ಅದಕ್ಕೂ ಮಣಿಯದಿದ್ದರೆ ಲಾಯರ್ ನೋಟಿಸ್, ಸಿವಿಲ್ ದಾವೆ, ಹಕ್ಕಿನ ಉಲ್ಲಂಘನೆ ಸ್ಪಷ್ಟವಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಪುರಸಭೆ, ಪಾಲಿಕೆ ಕಾಯ್ದೆಗಳಲ್ಲೂ ಇಂಥ ನೋಟಿಸ್‌ನ ನಿಯಮಗಳಿವೆ. ಹಾಗಾಗಿ ‘ಕೈ ವಾಸಿಯಾಗಲಿ, ಆಮೇಲೆ ನೋಡೋಣ’ ಎನ್ನದೆ ಮೊದಲ ತಿಂಗಳಲ್ಲೇ ವಕೀಲರನ್ನು ಕಾಣುವುದು ಕ್ಷೇಮ.

ಗುಂಡಿ ಇತ್ತು ಎನ್ನುವುದು ಸಾಲದು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನನಗೆ ಸಿಕ್ಕ ವಕೀಲರು ಎರಡು ಹಳೆಯ ತೀರ್ಪುಗಳ ಕಥೆ ಹೇಳಿದರು. ದೆಹಲಿಯ ಚಾಂದನಿ ಚೌಕದಲ್ಲಿ ಪಾಲಿಕೆಯ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ಕುಸಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನೇ ಹೊಣೆ ಮಾಡಿತು. ರಾಜಕೋಟ್‌ನಲ್ಲಿ ರಸ್ತೆ ಬದಿಯ ಮರ ಬಿದ್ದು ಒಬ್ಬರು ಸತ್ತ ಪ್ರಕರಣದಲ್ಲಿ, 1997ರಲ್ಲಿ ಅದೇ ಕೋರ್ಟ್ ಪಾಲಿಕೆ ಹೊಣೆಯಲ್ಲ ಎಂದಿತು. ‘ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟರು ಅಂತ ತೋರಿಸಿದಷ್ಟೂ ನಿನ್ನ ಕೇಸು ಗಟ್ಟಿ, ತಿಳೀತಾ?’ ಎಂದರು.

ಗೊತ್ತಿತ್ತು ಎಂದು ತೋರಿಸುವುದು ಹೇಗೆ? ಆರ್‌ಟಿಐ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ನಾನು ಕೇಳಿದ್ದು ಇಷ್ಟು: ಕಾಮಗಾರಿಯ ಗುತ್ತಿಗೆದಾರರು ಯಾರು, ಅಗೆದ ರಸ್ತೆಯನ್ನು ಯಾವ ದಿನದೊಳಗೆ ಮೊದಲಿನಂತೆ ಮಾಡಬೇಕಿತ್ತು, ದೋಷ ಸರಿಪಡಿಸುವ ಹೊಣೆಗಾರಿಕೆ ಅವಧಿ ಎಲ್ಲಿಯವರೆಗೆ, ಆ ಜಾಗದ ಬಗ್ಗೆ ಬಂದ ದೂರುಗಳೆಷ್ಟು. ಉತ್ತರ ಬಂದಾಗ ನಾನು ಬೀಳುವ ಮುನ್ನ ಎರಡು ದೂರುಗಳು ದಾಖಲಾಗಿದ್ದವು. ಒಂದನ್ನು ಕೊಟ್ಟಿದ್ದು ಆ ಬೀದಿಯ ಹಾಲಿನ ಅಂಗಡಿಯವರು. ನನಗೆ ಅವರ ಪರಿಚಯವೇ ಇರಲಿಲ್ಲ. ಅವರು ಸುಮ್ಮನೆ ಕೊಟ್ಟ ದೂರು ಈಗ ನನ್ನ ಫೈಲಿನ ಅತಿ ಮುಖ್ಯ ಹಾಳೆ.

ಇದಕ್ಕಾಗಿಯೇ ಹೇಳುತ್ತೇನೆ, ಕಂಡ ಗುಂಡಿಗೆ ದೂರು ಕೊಡಿ. ಬೆಂಗಳೂರಿನಲ್ಲಿ 1533, ರಾಷ್ಟ್ರೀಯ ಹೆದ್ದಾರಿಗೆ 1033, ರಾಜ್ಯದ ಎಲ್ಲೆಡೆ ಜನಸ್ಪಂದನದ 1902. ಗುಂಡಿ ಮುಚ್ಚಿದರೆ ಸಂತೋಷ. ಮುಚ್ಚದಿದ್ದರೆ ಆ ದೂರಿನ ಸಂಖ್ಯೆ ನಾಳೆ ಯಾರೋ ಗಾಯಾಳುವಿಗೆ ಸಾಕ್ಷಿ.

ಇನ್ನೊಂದು ಮಾತು. ಹೆಲ್ಮೆಟ್ ಇಲ್ಲದೆ, ಲೈಸೆನ್ಸ್ ಇಲ್ಲದೆ, ಮೂವರು ಕೂತು ಹೋಗಿದ್ದರೆ ಎದುರು ಪಕ್ಷ ಮೊದಲು ಹಿಡಿಯುವುದೇ ಅದನ್ನು. ಸವಾರನ ಪಾಲಿನ ನಿರ್ಲಕ್ಷ್ಯ ಎಷ್ಟೋ ಅಷ್ಟನ್ನು ಪರಿಹಾರದಲ್ಲಿ ಕಡಿತ ಮಾಡಬಹುದು.

ಸಂಬಳವಿಲ್ಲದವರ ನಷ್ಟ

‘ನಿಂಗೇನಪ್ಪ ನಷ್ಟ? ಕೆಲಸಾನೇ ಇರಲಿಲ್ವಲ್ಲ’ ಎಂದು ಕಚೇರಿಯಲ್ಲಿ ಒಬ್ಬರು ಕೇಳಿದರು. ಉದ್ಯೋಗ ಹುಡುಕುವವರಿಗೆ ಈ ಮಾತು ಮೂಳೆ ಮುರಿದದ್ದಕ್ಕಿಂತ ಹೆಚ್ಚು ನೋಯುತ್ತದೆ. ಆದರೆ ಕಾನೂನು ಹಾಗೆ ನೋಡುವುದಿಲ್ಲ. ಸಂಬಳ ಇಲ್ಲದ ವಿದ್ಯಾರ್ಥಿಗಳಿಗೂ ಅಪಘಾತ ಪ್ರಕರಣಗಳಲ್ಲಿ ಅಂದಾಜು ಆದಾಯ ಹಿಡಿಯುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟ್, ವಾಹನ ಅಪಘಾತದಲ್ಲಿ ಶಾಶ್ವತ ವೈಕಲ್ಯಕ್ಕೆ ಒಳಗಾದ 12 ವರ್ಷದ ಬಾಲಕಿಗೆ ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನೇ ಆದಾಯವೆಂದು ಪರಿಗಣಿಸಿ ಪರಿಹಾರ ಲೆಕ್ಕ ಹಾಕಿತು. ಆದ್ದರಿಂದ ಸಂದರ್ಶನ ಪತ್ರ, ಆಯ್ಕೆಯ ಮೆಸೇಜ್, ಹಾಲ್ ಟಿಕೆಟ್, ಕೋಚಿಂಗ್ ಶುಲ್ಕದ ರಸೀದಿ, ಪಾರ್ಟ್‌ಟೈಮ್ ದುಡಿಮೆಯ ಯುಪಿಐ ವಿವರ ಎಲ್ಲವನ್ನೂ ತೆಗೆದಿಡಿ. ಔಷಧಿ ಬಿಲ್, ಫಿಸಿಯೊಥೆರಪಿ ಚೀಟಿ, ಆಸ್ಪತ್ರೆಗೆ ಹೋದ ಆಟೊ ಖರ್ಚೂ ಲೆಕ್ಕಕ್ಕೆ ಬರುತ್ತವೆ.

ವಕೀಲರ ಶುಲ್ಕದ ಭಯ ಬೇಡ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿನವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಚಿಕಿತ್ಸೆಯ ತುರ್ತಿಗೂ ಒಂದು ದಾರಿ ಇದೆ. 2025ರಲ್ಲಿ ಕೇಂದ್ರ ಜಾರಿ ಮಾಡಿದ ಯೋಜನೆಯಲ್ಲಿ ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ದಾಖಲಾಗುವಾಗಲೇ ಕೇಳಿ.

ನನ್ನ ಅರ್ಜಿಗೆ ಮೊದಲು ಬಂದ ಉತ್ತರ, ‘ಮಳೆಗಾಲದಲ್ಲಿ ಸವಾರರು ಎಚ್ಚರಿಕೆಯಿಂದ ಚಲಿಸತಕ್ಕದ್ದು’. ನೋಟಿಸ್ ಹೋದ ಮೇಲೆ ಭಾಷೆ ಬದಲಾಯಿತು. ಕಾನೂನು ಸೇವಾ ಪ್ರಾಧಿಕಾರ ಎರಡೂ ಕಡೆಯವರನ್ನು ಮಾತುಕತೆಗೆ ಕರೆದಿದೆ. ಒಂದು ಸಿಟ್ಟಿಂಗ್ ಮುಗಿದಿದೆ. ಅದಕ್ಕೂ ಮೊದಲು ಗುತ್ತಿಗೆದಾರರ ಕಡೆಯವರೊಬ್ಬರು ಮನೆಗೆ ಬಂದು, ಆಸ್ಪತ್ರೆ ಬಿಲ್ಲಿನ ಅರ್ಧ ನಗದಾಗಿ ಕೊಡುತ್ತೇವೆ, ಕಾಗದ ಪತ್ರ ಏನೂ ಬೇಡ ಎಂದರು. ಈ ಸಲ ಅಪ್ಪ ನನ್ನ ಮುಖ ನೋಡಲಿಲ್ಲ. ‘ಎಷ್ಟೇ ಕೊಡಿ, ಯಾಕೆ ಕೊಡ್ತಿದೀರಿ ಅಂತ ಬರೆದು ಕೊಡಿ’ ಎಂದರು. ಅವರು ಕಾಫಿ ಕುಡಿದು ಎದ್ದು ಹೋದರು.

ನೆರವು ಬೇರೆ, ಪರಿಹಾರ ಬೇರೆ. ನೆರವಿಗೆ ಕೈ ಮುಗಿಯಬೇಕು, ಪರಿಹಾರಕ್ಕೆ ರುಜು ಹಾಕಿಸಬೇಕು. ಹಣ ಎಷ್ಟು ಬರುತ್ತದೋ, ಯಾವಾಗ ಬರುತ್ತದೋ, ಮುಂದಿನ ತಿಂಗಳ ಸಿಟ್ಟಿಂಗ್ ಹೇಳುತ್ತದೆ. ಈ ನಡುವೆ ಆ ರಸ್ತೆಯ ಅಷ್ಟೂ ಉದ್ದಕ್ಕೆ ಡಾಂಬರು ಬಿದ್ದಿದೆ. ನಿಮ್ಮ ಬೀದಿಯಲ್ಲೂ ಅಗೆದು ಬಿಟ್ಟ ಜಾಗ ಇದ್ದರೆ ಇವತ್ತೇ ಒಂದು ಫೋಟೊ ತೆಗೆದು ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.