ಡೇಲಿಯಾ ಗೆಡ್ಡೆಯ ಜೋಪಾಸನೆ

ದೆಹಲಿಯಲ್ಲಿ ಡೇಲಿಯಾ ಬೆಳೆಸುವ ನಾವು ಅದರ ಗೆಡ್ಡೆಯನ್ನು ಬಿಸಿಲು-ಮಳೆಗಳಿಂದ ಕಾಯುತ್ತೇವೆ. ಇಂಗ್ಲೆಂಡಿನವರು ಹಿಮದಿಂದ ಕಾಯಬೇಕು. ಮೆಕ್ಸಿಕೋದ ಬೆಟ್ಟಗಳ ಈ ಹೂವು 1789ರಲ್ಲಿ ಮ್ಯಾಡ್ರಿಡ್ಡಿನ ಉದ್ಯಾನವನ್ನು ಸೇರಿ ಯುರೋಪಿನಲ್ಲೆಲ್ಲ ಹರಡಿತಾದರೂ, ಅಲ್ಲಿಯ ಚಳಿಯನ್ನು ತಾಳಲು ಇಂದಿಗೂ ಕಲಿತಿಲ್ಲ.

ಶರತ್ಕಾಲದ ಮೊದಲ ಹಿಮಕ್ಕೆ ಎಲೆಗಳು ಕಪ್ಪಾದೊಡನೆ ಇಂಗ್ಲೆಂಡಿನ ತೋಟಗಾರರು ಗೇಣುದ್ದದ ಕಾಂಡವನ್ನು ಉಳಿಸಿ ಗೆಡ್ಡೆಗಳನ್ನು ಅಗೆದು ತೆಗೆಯುವರು. ಟೊಳ್ಳು ಕಾಂಡದ ನೀರು ಇಳಿಯುವಂತೆ ತಲೆಕೆಳಗಾಗಿ ಒಣಗಿಸಿ, ಒಣಮರಳಿನಲ್ಲಿ ಹುದುಗಿಸಿಟ್ಟು, ಹಿಮದ ಭಯ ಕಳೆದ ಮೇಲೆ, ಮೇ ಕೊನೆಯ ಹೊತ್ತಿಗೆ, ಮತ್ತೆ ನೆಡುವರು.

ಎರಡು ನಾಡಿಗೂ ಸಲ್ಲುವ ಎಚ್ಚರಿಕೆಯೊಂದುಂಟು. ಆಲೂಗೆಡ್ಡೆಯಂತೆ ಇದರ ಮೈಮೇಲೆ ಕಣ್ಣುಗಳಿಲ್ಲ. ಕಾಂಡವನ್ನು ಸೇರುವ ಕೊರಳಿನಲ್ಲಿ ಮಾತ್ರ ಇವೆ. ಕೊರಳು ಮುರಿದ ಗೆಡ್ಡೆ ಎಷ್ಟೇ ಕೊಬ್ಬಿದ್ದರೂ ಚಿಗುರದು. ಇದನ್ನರಿಯದೆ ನಾವೂ ಒಮ್ಮೆ ಬರಿಯ ಮಣ್ಣಿಗೆ ನೀರೆರೆದವರೇ.