ಮೋಟಾರು ಸೈಕಲ್ಲಿನ ಯಂತ್ರದಲ್ಲಿ ವಾಯು ಮತ್ತು ಇಂಧನಗಳ ಪ್ರಮಾಣ

ಪೆಟ್ರೋಲು ದಹಿಸಬೇಕಾದರೆ ವಾಯುವಿನಲ್ಲಿರುವ ಆಮ್ಲಜನಕವು ಅದರೊಡನೆ ಕೂಡಬೇಕು. ತೂಕದಲ್ಲಿ ಒಂದು ಭಾಗ ಪೆಟ್ರೋಲು ಸಂಪೂರ್ಣವಾಗಿ ದಹಿಸಲು ಸುಮಾರು 14.7 ಭಾಗ ವಾಯುವು ಅವಶ್ಯ. ಇದನ್ನು ಸಮಪ್ರಮಾಣವೆನ್ನಬಹುದು. ಇಂಧನವು ಇದಕ್ಕಿಂತ ಅಧಿಕವಾದರೆ ಪುಷ್ಟಮಿಶ್ರಣ, ನ್ಯೂನವಾದರೆ ಕೃಶಮಿಶ್ರಣ. ಯಂತ್ರಕರ್ಮಿಗಳು ಇವನ್ನೇ ರಿಚ್, ಲೀನ್ ಎಂದು ವ್ಯವಹರಿಸುತ್ತಾರೆ.

ಸಮಪ್ರಮಾಣವೇ ಸರ್ವತ್ರ ಶ್ರೇಷ್ಠವೆಂದು ಭಾವಿಸುವುದುಂಟು. ಇದು ಸಾಧುವಲ್ಲ. ಅತ್ಯಧಿಕ ಶಕ್ತಿಯು ಲಭಿಸುವುದು 12.5ರಿಂದ 13ರವರೆಗಿನ ಪುಷ್ಟಮಿಶ್ರಣದಲ್ಲಿ. ಇಂಧನದ ಮಿತವ್ಯಯವು ಸಿದ್ಧಿಸುವುದು 15.5ರ ಸಮೀಪದ ಕೃಶಮಿಶ್ರಣದಲ್ಲಿ. ಹಾಗಾದರೆ ಸಮಪ್ರಮಾಣದ ಪ್ರಯೋಜನವೇನು? ಹೊಗೆಗೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರೆಂಬ ಶೋಧಕವು ಕಾರ್ಬನ್ ಮಾನಾಕ್ಸೈಡು, ಉರಿಯದ ಹೈಡ್ರೋಕಾರ್ಬನ್ನು, ಸಾರಜನಕದ ಆಕ್ಸೈಡು ಎಂಬ ಮೂರು ಮಲಿನಗಳನ್ನೂ ಏಕಕಾಲದಲ್ಲಿ ಚೆನ್ನಾಗಿ ಪರಿಹರಿಸುವುದು ಈ ಪ್ರಮಾಣದ ಸಮೀಪದಲ್ಲಿ ಮಾತ್ರ.

ಕಾರ್ಬ್ಯುರೇಟರಿನಲ್ಲಿ ಜೆಟ್ಟೆಂಬ ಸೂಕ್ಷ್ಮರಂಧ್ರದ ಗಾತ್ರವು ಪ್ರಮಾಣವನ್ನು ನಿಶ್ಚಯಿಸುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಇಂಜೆಕ್ಷನ್ ಪದ್ಧತಿಯೇ ಹೊಸ ವಾಹನಗಳಲ್ಲಿ ಸಾಮಾನ್ಯವಾಯಿತು. ಇಲ್ಲಿ ಗಣಕವು ಥ್ರಾಟಲಿನ ತೆರವು, ಯಂತ್ರದ ವೇಗ, ವಾಯುವಿನ ಒತ್ತಡ, ಉಷ್ಣತೆ ಮೊದಲಾದವನ್ನು ಗ್ರಹಿಸಿ, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದನ್ನು ತನ್ನಲ್ಲಿರುವ ಕೋಷ್ಟಕದಿಂದ ನಿರ್ಣಯಿಸುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನರಿಯುವ ಸಂವೇದಕವೂ ಒಂದುಂಟು. ಅದರ ವಿದ್ಯುದೊತ್ತಡವು ಸುಮಾರು 0.45 ವೋಲ್ಟಿಗೆ ಮೀರಿದರೆ ಮಿಶ್ರಣವು ಪುಷ್ಟ, ತಗ್ಗಿದರೆ ಕೃಶ. ಎಷ್ಟು ಪುಷ್ಟ, ಎಷ್ಟು ಕೃಶ ಎಂಬುದನ್ನು ಸಾಮಾನ್ಯ ಸಂವೇದಕವು ಸ್ಪಷ್ಟವಾಗಿ ತಿಳಿಸಲಾರದು. ಅದೂ ಅಲ್ಲದೆ, ಥ್ರಾಟಲನ್ನು ಪೂರ್ಣವಾಗಿ ತೆರೆದಾಗ ಗಣಕವು ಪ್ರಾಯಶಃ ಅದರ ಸೂಚನೆಯನ್ನು ಬಿಟ್ಟು ಕೋಷ್ಟಕವನ್ನೇ ಅನುಸರಿಸುತ್ತದೆ.

ಅನರ್ಥವು ಸಂಭವಿಸುವುದು ಇಲ್ಲಿಯೇ. ಸೈಲೆನ್ಸರನ್ನೋ ವಾಯುಶೋಧಕವನ್ನೋ ಬದಲಿಸಿದರೆ ಒಳಹೊಗುವ ವಾಯುವು ಹೆಚ್ಚಬಹುದು, ಕೋಷ್ಟಕವಾದರೋ ಹಿಂದಿನದೇ. ಸಂವೇದಕವು ಎಲ್ಲವನ್ನೂ ಸರಿಪಡಿಸುವುದೆಂದು ನಂಬಿದರೆ, ಪೂರ್ಣಭಾರದಲ್ಲಿ ಮಿಶ್ರಣವು ಕೃಶವಾಗಿ, ಉಷ್ಣವೂ ಬಡಿತವೂ ಹೆಚ್ಚಿ, ಪಿಸ್ಟನ್ನಿಗೆ ಹಾನಿಯುಂಟಾದೀತು. ಈ ಭಯದಿಂದ ಇಂಧನವನ್ನು ಮಿತಿಮೀರಿ ಸುರಿಸಿದರೆ ಸಿಲಿಂಡರಿನ ಗೋಡೆಯ ಎಣ್ಣೆಯು ತೊಳೆದುಹೋಗುವುದು. ಆದಕಾರಣ ಪ್ರಮಾಣವನ್ನು ವಿಶದವಾಗಿ ತಿಳಿಸುವ ವೈಡ್‌ಬ್ಯಾಂಡ್ ಸಂವೇದಕದಿಂದ ಪ್ರತಿಯೊಂದು ವೇಗದಲ್ಲಿಯೂ ಭಾರದಲ್ಲಿಯೂ ಅಳೆದು, ಕೋಷ್ಟಕವನ್ನು ಸ್ವಲ್ಪಸ್ವಲ್ಪವಾಗಿ ತಿದ್ದಿ, ಮತ್ತೆ ಅಳೆಯತಕ್ಕದ್ದು.

ಇಂಧನವು ಬೇರೆಯಾದರೆ ಸಮಪ್ರಮಾಣವೂ ಬೇರೆಯಾಗುವುದು. ಎಥನಾಲಿಗೆ ಅದು ಸುಮಾರು 9. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5. ಇದರಿಂದ ತಜ್ಞರು ಲ್ಯಾಮ್ಡಾ ಎಂಬ ಮಾನವನ್ನು ಆಶ್ರಯಿಸುತ್ತಾರೆ. ವಾಸ್ತವ ಪ್ರಮಾಣವನ್ನು ಸಮಪ್ರಮಾಣದಿಂದ ಭಾಗಿಸಿದರೆ ಇದು ದೊರೆಯುವುದು; ಯಾವ ಇಂಧನವಾದರೂ ಸಮಪ್ರಮಾಣದಲ್ಲಿ ಇದು 1. ಆದುದರಿಂದ ಒಂದು ಸಂಖ್ಯೆಯನ್ನು ಕಂಠಪಾಠಮಾಡಿದ ಮಾತ್ರಕ್ಕೆ ಯಂತ್ರವನ್ನು ಹದಗೊಳಿಸಲಾಗದು. ಇಂಧನವಾವುದು, ಭಾರವೆಷ್ಟು, ಉದ್ದೇಶವೇನು ಎಂಬ ಮೂರನ್ನೂ ಮೊದಲು ನಿಶ್ಚಯಿಸಿಕೊಂಡವನಿಗೇ ಉಚಿತವಾದ ಪ್ರಮಾಣವು ಗೋಚರವಾಗುವುದು.