ಮೋಟಾರು ಗಾಡಿಯಲ್ಲಿ ‘ಭೂಮಿ’: ಒಂದು ಪದದ ಅರ್ಥವಿಚಾರ

ಮನೆಯ ವಿದ್ಯುದುಪಕರಣಗಳಿಂದ ಹೊರಟ ತಂತಿಯನ್ನು ಉಪ್ಪು ಇದ್ದಿಲುಗಳ ಗುಂಡಿಯಲ್ಲಿ ಹೂಳುವುದಕ್ಕೆ ‘ಅರ್ತ್ ಕೊಡುವುದು’ ಎಂದು ಹೆಸರು. ಅಲ್ಲಿ ಪದವು ಮುಖ್ಯಾರ್ಥದಲ್ಲಿಯೇ ನಿಂತಿದೆ. ಅದೇ ಪದವನ್ನು ಮೋಟಾರು ಕೆಲಸಗಾರರು ‘ಬಾಡಿ ಅರ್ತ್’ ಎಂದು ಬಳಸುವರು. ಆದರೆ ಗಾಡಿಯು ರಬ್ಬರಿನ ಚಕ್ರಗಳ ಮೇಲೆ ನಿಂತದ್ದು. ಈ ಕೆಲಸಕ್ಕೆ ಬೇಕಾದ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಇಳಿಯದು. ಮುಖ್ಯಾರ್ಥಕ್ಕೆ ಸ್ಪಷ್ಟವಾದ ಬಾಧೆ. ಗಂಗೆಯಲ್ಲಿ ಗೊಲ್ಲರ ಹಳ್ಳಿಯೆಂದಾಗ ದಡವನ್ನು ತಿಳಿಯುವಂತೆ ಇಲ್ಲಿಯೂ ಲಕ್ಷಣೆಯನ್ನು ಆಶ್ರಯಿಸಬೇಕು. ಗಾಡಿಯಲ್ಲಿ ಹವ್ಯಾಸಿ ನಿಸ್ತಂತು ಯಂತ್ರವನ್ನಿಡುವವರಿಗೆ ಲಕ್ಷ್ಯಾರ್ಥಗಳು ಎರಡಾಗಿ ತೊಡಕುಂಟಾಗುವುದು. ಒಂದನ್ನು ಮತ್ತೊಂದೆಂದು ಗ್ರಹಿಸಿದರೆ ಯಂತ್ರವು ಮೂಕವಾದೀತು, ಇಲ್ಲವೆ ತಂತಿ ಉರಿದೀತು. ಇದು ವಿನೋದಮಾತ್ರದ ವಿದ್ಯೆಯಲ್ಲ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನಿಂದ ವಾರ್ತೆಗಳನ್ನು ಮುಟ್ಟಿಸಿದವರಲ್ಲಿ ಪರವಾನಗಿ ಪಡೆದ ಹವ್ಯಾಸಿಗಳೂ ಇದ್ದರು.

ಮೊದಲನೆಯ ಅರ್ಥ, ವಿದ್ಯುತ್ತಿನ ಮರುದಾರಿ. ಗಾಡಿಯ ದೀಪಕ್ಕೆ ಬ್ಯಾಟರಿಯಿಂದ ಒಂದೇ ತಂತಿ ಹೋಗುವುದು. ಹಿಂದಿರುಗುವುದು ಗಾಡಿಯ ಲೋಹದ ಮೈಯ ಮೂಲಕ. ಮೈಗೆ ಸೇರತಕ್ಕದ್ದು ಋಣಾಗ್ರವೇ ಎಂಬ ನಿಯಮವೂ ಸ್ವತಸ್ಸಿದ್ಧವಲ್ಲ. 1960ರ ದಶಕದವರೆಗೆ ಬ್ರಿಟನ್ನಿನ ಅನೇಕ ಗಾಡಿಗಳಲ್ಲಿ ಧನಾಗ್ರವೇ ಮೈಗೆ ಸೇರಿತ್ತು. ನೂರು ವಾಟಿನ ಪ್ರೇಷಕವು ಮಾತನಾಡುವಾಗ ಸುಮಾರು 20 ಆಂಪಿಯರುಗಳನ್ನು ಎಳೆಯುವುದು. ದಾರಿಯಲ್ಲಿ 0.05 ಓಮು ತಡೆಯಿದ್ದರೂ ಒಂದು ವೋಲ್ಟು ನಷ್ಟವಾಗುವುದು. ಆದುದರಿಂದ ಸಿಗರೇಟು ಹೊತ್ತಿಸುವ ಸಾಕೆಟ್ಟಿನಿಂದಲ್ಲ, ಬ್ಯಾಟರಿಯಿಂದಲೇ ದಪ್ಪ ತಂತಿಯನ್ನು ತರಬೇಕು. ಧನಾಗ್ರದ ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರತಕ್ಕದ್ದು. ಅದು ಯಂತ್ರಕ್ಕಿಂತ ಮುಖ್ಯವಾಗಿ ತಂತಿಯನ್ನು ಕಾಯುವುದು. ಎಂಜಿನಿಗೂ ಒಳಾಂಗಣಕ್ಕೂ ನಡುವಣ ತಗಡಿನಲ್ಲಿ ತಂತಿ ಉಜ್ಜಿ ಹೊದಿಕೆ ಹರಿದರೆ ನೂರಾರು ಆಂಪಿಯರು ಒಮ್ಮೆಗೇ ಹರಿಯುವುದು. ಯಂತ್ರದ ಬಳಿಯಿರುವ ಫ್ಯೂಸಿಗೆ ಅದರ ಸುಳಿವೇ ಹತ್ತದು.

ಋಣಾಗ್ರದ ವಿಷಯದಲ್ಲಿ ಪಕ್ಷಭೇದವುಂಟು. ಹಿಂದಿನವರು ಅದನ್ನೂ ಬ್ಯಾಟರಿಗೇ ಒಯ್ದು ಫ್ಯೂಸು ಹಾಕುತ್ತಿದ್ದರು. ಎಂಜಿನನ್ನು ಬ್ಯಾಟರಿಗೆ ಕಟ್ಟಿದ ದಪ್ಪ ಪಟ್ಟಿ ಸಡಿಲವಾದರೆ, ಸ್ಟಾರ್ಟರಿನ ವಿದ್ಯುತ್ತು ಈ ಸಣ್ಣ ತಂತಿಯನ್ನೇ ಮರುದಾರಿ ಮಾಡಿಕೊಳ್ಳುವುದೆಂಬ ಭಯ ಅವರದು. ಇತ್ತೀಚಿನ ಅನೇಕ ಗಾಡಿಗಳಲ್ಲಿ ಋಣಾಗ್ರದ ಮೇಲೆಯೇ ವಿದ್ಯುತ್ತನ್ನು ಅಳೆಯುವ ಉಪಕರಣವಿರುವುದು. ಅಂಥಲ್ಲಿ ಬ್ಯಾಟರಿಯ ದಪ್ಪ ತಂತಿ ಮೈಯನ್ನು ಸೇರುವ ಸ್ಥಳದಲ್ಲಿ ಯಂತ್ರದ ತಂತಿಯನ್ನು ಸೇರಿಸುವುದೇ ಯುಕ್ತ. ಸಂದೇಹ ಬಂದರೆ ಗಾಡಿ ತಯಾರಿಸಿದವರ ಕೈಪಿಡಿಯೇ ಪ್ರಮಾಣ.

ಎರಡನೆಯ ಅರ್ಥ, ಏರಿಯಲ್ಲಿನ ಇತರಾರ್ಧ. 145 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 2 ಮೀಟರು. ಅದರ ಕಾಲುಭಾಗವಾದ ಅರ್ಧ ಮೀಟರಿನ ಕಡ್ಡಿಯನ್ನು ಲೋಹದ ಛಾವಣಿಯ ನಡುವೆ ನಿಲ್ಲಿಸಿದರೆ ಛಾವಣಿಯೇ ಉಳಿದರ್ಧವಾಗುವುದು. ಅದೇ ಕಡ್ಡಿಯನ್ನು ಪ್ಲಾಸ್ಟಿಕ್ಕಿನ ಬಂಪರಿಗೆ ಬಿಗಿದು ಉದ್ದವಾದ ತಂತಿಯಿಂದ ಮೈಗೆ ಸೇರಿಸಿದರೆ, ಮೀಟರು ತಡೆಯಿಲ್ಲವೆಂದು ತೋರಿಸಿದರೂ ಏರಿಯಲ್ಲು ಕೆಲಸಮಾಡದು. ಮೊದಲ ಅರ್ಥದಲ್ಲಿ ಅರ್ತ್ ಸಿದ್ಧಿಸಿತು, ಎರಡನೆಯದರಲ್ಲಿ ಇಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

7 ಮೆಗಾಹರ್ಟ್ಸಿನಲ್ಲಿ ಕಾಲು ಅಲೆಯೇ 10 ಮೀಟರಿಗೆ ಮಿಕ್ಕುವುದು. ಎರಡು ಮೂರು ಮೀಟರಿನ ಕಡ್ಡಿಗೆ ಸುರುಳಿ ಸೇರಿಸಿ ಕಾಲ ಹಾಕಬೇಕು. ಶಕ್ತಿಯ ದೊಡ್ಡ ಪಾಲು ಶಾಖವಾಗಿ ಹೋಗುವುದು. ಇಲ್ಲಿ ಗಾಡಿಯ ಮೈ ಒಂದೇ ಸಾಲದು. ಬಾನೆಟ್ಟು, ಬಾಗಿಲು, ಹೊಗೆಕೊಳವೆಗಳನ್ನು ಹೆಣೆದ ತಾಮ್ರದ ಪಟ್ಟಿಗಳಿಂದ ಮೈಗೆ ಕೂಡಿಸುವರು. ಎಂಜಿನಿನ ಗರಗರ ಶಬ್ದವೂ ಇದರಿಂದ ತಗ್ಗುವುದು. ಹೀಗೆ ಕೂಡಿದ ಮೈಯೂ ಕೆಳಗಿನ ನೆಲವೂ ಕಂಡೆನ್ಸರಿನ ಎರಡು ತಟ್ಟೆಗಳಂತೆ ವರ್ತಿಸಿ, ಚಕ್ರಗಳು ತಡೆದ ಸಂಬಂಧವನ್ನು ನಡುವಣ ಗಾಳಿಯಲ್ಲಿ ಪಡೆಯುವುವು. ಮರುದಾರಿಯೆಂಬ ಅರ್ಥದಲ್ಲಿ ಪದವು ಭೂಮಿಯನ್ನು ಪೂರ್ತಿಯಾಗಿ ಬಿಟ್ಟಿತು, ಅದು ಜಹಲ್ಲಕ್ಷಣೆ. ಇಲ್ಲಿಯಾದರೋ ಭೂಮಿಯನ್ನು ಬಿಡದೆಯೇ ಮೈಯನ್ನು ಹೇಳುತ್ತಿದೆ, ಇದು ಅಜಹಲ್ಲಕ್ಷಣೆ. ಕನ್ನಡದಲ್ಲಿ ಕೈಪಿಡಿ ಬರೆಯುವವರು ‘ಭೂಸಂಪರ್ಕ’ವನ್ನು ಮನೆಗೆ ಬಿಟ್ಟು, ಗಾಡಿಗೆ ‘ಮರುದಾರಿ’, ‘ಇತರಾರ್ಧ’ ಎಂಬ ಎರಡು ಪದಗಳನ್ನು ಬಳಸಬಹುದು.